ವಾರಕ್ಕೊಂದು ಅರ್ಧ ಬಾಟ್ಸೆನ್: ಹುಬ್ಬಳ್ಳಿ–ಧಾರವಾಡಕ್ಕೆ ಬಂದ ‘ಫಾರಿನ್ ರೊಕ್ಕ’ದ ಕತೆ

ಕಳೆದ ತಿಂಗಳು ಬೈರಿದೇವರಕೊಪ್ಪದ ಬಸ್ ನಿಲ್ದಾಣದಲ್ಲಿ ಧಾರವಾಡ ಕಡೆ ಹೋಗುವ ಚಿಗರಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಧೋತರ ಉಟ್ಟ ಅಜ್ಜಾರೊಬ್ಬರು. ಎಲ್ಲಿಗೆ ಹೊರಟಿ ಎಂದು ಕೇಳಿದರು. ಧಾರವಾಡದ ಹಳೇ ಮಿಷನ್ ಶಾಲೆಗಳ ಬಗ್ಗೆ ಬರೆಯಬೇಕು, ಅದಕ್ಕೇ ಹೊರಟೀನ್ರಿ ಎಂದೆ.

“ಅವರದೇನ್ ಬಿಡೋ ತಮ್ಮಾ, ಫಾರಿನ್ ರೊಕ್ಕ. ಕಟ್ಟಿದಷ್ಟು ಕಟ್ಟಿದ್ರು” ಎಂದರು ಅಜ್ಜಾರು. ಸಿಟ್ಟಿನಿಂದ ಅಂದದ್ದಲ್ಲ. ಮಳೆ ಮ್ಯಾಲಿಂದ ಬರತೈತಿ ಅಂದಂಗೆ ಅಂದರು.

ಬಸ್ ಬಂತು, ಹತ್ತಿದೆ. ಆ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ಫಾರಿನ್ ರೊಕ್ಕ ಅಂದರೆ ಯಾರ ರೊಕ್ಕ? ಸರಕಾರದ್ದೋ, ರಾಜನದ್ದೋ, ಸಾಹುಕಾರನದ್ದೋ? ಏಳು ಸಮುದ್ರದ ಆಚೆ ಕುಳಿತವರು ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಗುಳೇದಗುಡ್ಡ ಎಂಬ ಊರುಗಳ ಹೆಸರು ಕೇಳಿ ರೊಕ್ಕ ಯಾಕೆ ಬಿಚ್ಚಿದರು? ಮಿಷನರಿಗಳು ಇಲ್ಲಿ ಬಂದು ಏನು ಮಾಡಿದರು ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಸ್ವಲ್ಪ ಓದಿದ್ದೇವೆ. ಅವರನ್ನು ಕಳಿಸಿದವರು ಯಾರು, ಸಾಕಿದವರು ಯಾರು ಎಂಬ ಕತೆಯನ್ನು ಯಾರೂ ಹೇಳುವುದಿಲ್ಲ. ಈ ಬರಹ ಅದರ ಬಗ್ಗೆ.

ಕತೆ ಶುರುವಾಗುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ. ರೈನ್ ನದಿಯ ದಂಡೆಯ ವ್ಯಾಪಾರದ ಊರು ಅದು. ಒಂದು ಕಡೆ ಜರ್ಮನಿ, ಒಂದು ಕಡೆ ಫ್ರಾನ್ಸ್. ಅಲ್ಲಿಯ ಸಾಹುಕಾರರ ಮುಖ್ಯ ದಂಧೆ ರೇಷ್ಮೆ ರಿಬ್ಬನ್ ನೇಯಿಸಿ ಮಾರುವುದು. 1815ರಲ್ಲಿ ಆ ಊರಿನ ಕೆಲವು ಭಕ್ತಿವಂತ ಮನೆತನಗಳು ಮತ್ತು ಪಾದ್ರಿಗಳು ಸೇರಿ ಬಾಸೆಲ್ ಮಿಷನ್ ಸಂಘ ಕಟ್ಟಿದರು. ಮರುವರ್ಷವೇ ಮಿಷನರಿಗಳನ್ನು ತಯಾರು ಮಾಡುವ ಶಾಲೆ ತೆರೆದರು.

ಇಲ್ಲೊಂದು ವಿಷಯ ಗಮನಿಸಿ. ಸಂಘದ ಆಡಳಿತ ಕಮಿಟಿಯಲ್ಲಿ ಕುಳಿತವರು ಬಾಸೆಲ್ಲಿನ ಸ್ಥಿತಿವಂತರು. ಆದರೆ ಮಿಷನರಿಗಳಾಗಿ ಹೊರಟ ಹುಡುಗರಲ್ಲಿ ಬಹಳ ಮಂದಿ ಪಕ್ಕದ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಹಳ್ಳಿಯವರು. ರೈತರ ಮಕ್ಕಳು, ನೇಕಾರರ ಮಕ್ಕಳು, ಚಪ್ಪಲಿ ಹೊಲಿಯುವವರು, ಬಡಿಗೇರರು. ಆ ಸೀಮೆಯಲ್ಲಿ ಪಿಯೆಟಿಸ್ಟ್ ಎಂಬ ಭಕ್ತಿಪಂಥ ಬಲವಾಗಿತ್ತು. ಸಂಜೆ ಮನೆಗಳಲ್ಲಿ ಸೇರಿ ಬೈಬಲ್ ಓದುವುದು, ಹಾಡುವುದು, ಕುಡಿತ–ಕುಣಿತದಿಂದ ದೂರ ಇರುವುದು ಅವರ ಪದ್ಧತಿ. ನಮ್ಮ ಕಡೆ ಭಜನಾ ಮಂಡಳಿಗಳನ್ನು ನೆನೆದುಕೊಂಡರೆ ಹತ್ತಿರದ ಚಿತ್ರ ಸಿಗುತ್ತದೆ. ಹೊಲ ಕಡಿಮೆ, ಮಕ್ಕಳು ಹೆಚ್ಚು ಇದ್ದ ಇಂಥ ಮನೆಯ ಹುಡುಗನಿಗೆ ಬಾಸೆಲ್ಲಿಗೆ ಹೋಗಿ ಓದುವುದೆಂದರೆ ದೇವರ ಕರೆಯೂ ಹೌದು, ಹೊಲದ ಕೆಸರಿನಿಂದ ಮೇಲೆ ಬರುವ ದಾರಿಯೂ ಹೌದು. ಎರಡರಲ್ಲಿ ಯಾವುದು ಎಷ್ಟು ಪಾಲು ಎಂದು ತೂಗಲು ನನ್ನ ಹತ್ತಿರ ತಕ್ಕಡಿ ಇಲ್ಲ.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ಹೊಸದಾಗಿ ಆದಾಗ, ಇಂಗ್ಲೆಂಡಿನವರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಜರ್ಮನಿಯ ಶ್ಯೋನ್‌ಬುರ್ಗ್ ಮನೆತನದ ರಾಜಕುಮಾರನೊಬ್ಬ ದೊಡ್ಡ ಮೊತ್ತ ಕೊಟ್ಟು, ಭಾರತದಲ್ಲಿ ಕೆಲಸ ಶುರು ಮಾಡಿ ಎಂದ. 1834ರಲ್ಲಿ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗಿನಲ್ಲಿ ಬಂದು ಮಂಗಳೂರು ಸೇರಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ, 1851ಕ್ಕೆ ಗುಳೇದಗುಡ್ಡ. ನಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮಿಷನ್ನಿನ ಕಾಗದಗಳಲ್ಲಿ ನಮ್ಮನ್ನು ‘ದಕ್ಷಿಣ ಮರಾಠಾ’ ಸೀಮೆ ಎಂದೇ ಬರೆಯುತ್ತಿದ್ದರು. ಕನ್ನಡ ಮಾತಾಡುವ ಊರುಗಳಿಗೆ ಮರಾಠಾ ಎಂಬ ಹೆಸರು. ಆ ನೋವು ಬೇರೆಯೇ ಕತೆ, ಈಗ ಬೇಡ.

ರಾಜಕುಮಾರನ ದುಡ್ಡಿನಿಂದ ಕೆಲಸ ಶುರುವಾಯಿತು ನಿಜ. ಆದರೆ ಅಂಥ ದುಡ್ಡು ಒಮ್ಮೆ ಬರುತ್ತದೆ, ಖರ್ಚು ಪ್ರತಿ ತಿಂಗಳೂ ಇರುತ್ತದೆ. ಹಡಗಿನ ಚಾರ್ಜು, ಮನೆ, ಶಾಲೆ, ಮುನ್ಷಿಗಳ ಪಗಾರ, ಔಷಧ, ಕುದುರೆಯ ಹುಲ್ಲು. ಮಿಷನರಿಗಳಿಗೆ ಸಂಬಳ ಎಂದು ಕೊಡುತ್ತಿರಲಿಲ್ಲ. ಜೀವನಕ್ಕೆ ಬೇಕಾದಷ್ಟು ಖರ್ಚು ಮಾತ್ರ ಮಿಷನ್ ಕೊಡುತ್ತಿತ್ತು, ಅದಕ್ಕೂ ಲೆಕ್ಕ ಒಪ್ಪಿಸಬೇಕು. ಹಾಗೆ ಕೊಟ್ಟರೂ ಠಾಣೆಗಳು ಹೆಚ್ಚಾದಂತೆ ಕೈ ಸಾಲದಾಯಿತು. ಮಿಷನ್ನಿಗೆ ಆಫ್ರಿಕಾದಲ್ಲೂ ಕೆಲಸವಿತ್ತು. ಈಗಿನ ಘಾನಾ ದೇಶಕ್ಕೆ 1828ರಿಂದ ಕಳಿಸಿದ ಮೊದಮೊದಲ ಮಿಷನರಿಗಳಲ್ಲಿ ಹೆಚ್ಚಿನವರು ಜ್ವರ ಬಂದು ಅಲ್ಲೇ ಸತ್ತರು. ಸತ್ತವರ ಜಾಗಕ್ಕೆ ಮತ್ತೆ ಹುಡುಗರು, ಮತ್ತೆ ಹಡಗು, ಮತ್ತೆ ಖರ್ಚು.

ಆಗ ಬಂದದ್ದು ಅರ್ಧ ಬಾಟ್ಸೆನ್.

1855ರಲ್ಲಿ ಬಾಸೆಲ್ಲಿನ ಕಾರ್ಲ್ ಸಾರಾಸಿನ್ ಎಂಬ ರಿಬ್ಬನ್ ಉದ್ಯಮಿ ಒಂದು ಯೋಜನೆ ಶುರು ಮಾಡಿದ. ದೊಡ್ಡವರ ದಾನಕ್ಕೆ ಕಾಯುವುದು ಬೇಡ. ಬಡವರು ವಾರಕ್ಕೆ ಅರ್ಧ ಬಾಟ್ಸೆನ್ ಕೊಡಲಿ. ಬಾಟ್ಸೆನ್ ಎಂಬುದು ಸ್ವಿಟ್ಜರ್‌ಲೆಂಡಿನ ಹಳೇ ನಾಣ್ಯ. 1850ರಲ್ಲಿ ಫ್ರಾಂಕ್ ಬಂದ ಮೇಲೆ ಅದು ಚಲಾವಣೆಯಿಂದ ಹೋಗಿತ್ತು, ಆದರೂ ಜನರ ಬಾಯಲ್ಲಿ ಉಳಿದಿತ್ತು. ನಮ್ಮ ಹಿರಿಯರು ಇವತ್ತಿಗೂ ನಾಲ್ಕಾಣೆ, ಎಂಟಾಣೆ ಅನ್ನುವುದಿಲ್ಲವೇ, ಹಾಗೆ. ಅರ್ಧ ಬಾಟ್ಸೆನ್ ಅಂದರೆ ಹೊಸ ಲೆಕ್ಕದಲ್ಲಿ 5 ರಾಪ್ಪೆನ್. ನೂರು ರಾಪ್ಪೆನ್ ಸೇರಿದರೆ ಒಂದು ಫ್ರಾಂಕ್. ವರ್ಷದ 52 ವಾರಕ್ಕೆ ಒಬ್ಬರದು ಎರಡೂವರೆ ಫ್ರಾಂಕ್‌ಗಿಂತ ತುಸು ಹೆಚ್ಚು.

ಸುಮಾರು ಹತ್ತು ಮಂದಿಗೆ ಒಬ್ಬರಂತೆ ಸಂಗ್ರಹಿಸುವವರು. ಈ ಕೆಲಸಕ್ಕೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಮನೆ ಮನೆಗೆ ಹೋಗಿ ಕಾಸು ತರುವುದು, ಪುಸ್ತಕದಲ್ಲಿ ಗುರುತು ಹಾಕುವುದು, ಮೇಲಿನವರಿಗೆ ಒಪ್ಪಿಸುವುದು. ಕೊಟ್ಟವರ ಕೈಗೆ ದೂರದ ಠಾಣೆಗಳ ಸುದ್ದಿ ಇದ್ದ ಒಂದು ಸಣ್ಣ ಹಾಳೆ. ಬಟ್ಟೆ ಒಗೆಯುವವಳು, ಮನೆಗೆಲಸದವಳು, ಕಾರ್ಖಾನೆಯಲ್ಲಿ ನೂಲು ಸುತ್ತುವವಳು ಎಲ್ಲರೂ ಇದರಲ್ಲಿ ಸೇರಬಹುದಿತ್ತು. ಇದಲ್ಲದೆ ಹಳ್ಳಿ ಹಳ್ಳಿಗಳಲ್ಲಿ ಮಿಷನ್ ಸಂಘಗಳು, ಹೆಂಗಸರ ಹೊಲಿಗೆ ಸಂಘಗಳು. ಚಳಿಗಾಲದ ಸಂಜೆ ಕೂತು ಕಾಲುಚೀಲ ಹೆಣೆದು ಮಾರಿ, ಬಂದದ್ದನ್ನು ಕಳಿಸುತ್ತಿದ್ದರು.

ನಮ್ಮೂರಲ್ಲಿ ಜಾತ್ರೆಗೆ ಪಟ್ಟಿ ಎತ್ತುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಮಠದ ಜೋಳಿಗೆಗೆ ಹಿಡಿ ಜೋಳ ಹಾಕಿದವರಿಗಂತೂ ಹೊಸದೇ ಅಲ್ಲ. ಒಂದೇ ಒಂದು ವ್ಯತ್ಯಾಸ. ನಾವು ಪಟ್ಟಿ ಕೊಟ್ಟ ತೇರು ನಮ್ಮ ಕಣ್ಣೆದುರಿಗೇ ಎಳೆಯುತ್ತಾರೆ. ಅರ್ಧ ಬಾಟ್ಸೆನ್ ಕೊಟ್ಟ ಹೆಂಗಸು ಧಾರವಾಡವನ್ನು ಸಾಯುವ ತನಕ ನೋಡುತ್ತಿರಲಿಲ್ಲ. ಹಾಗಾದರೆ ತನ್ನ ಕಾಸು ಎಲ್ಲಿ ಹೋಯಿತು, ಏನಾಯಿತು ಎಂದು ಅವಳಿಗೆ ತಿಳಿಯುವುದು ಹೇಗೆ?

ಪತ್ರದಿಂದ. ನನ್ನಂಥ ಬಿಡಿ ವರದಿಗಾರನಿಗೆ ಈ ಕತೆಯಲ್ಲಿ ಮೈ ಜುಮ್ಮೆನ್ನುವ ಜಾಗ ಇದೇ.

ಪ್ರತಿ ಮಿಷನರಿಯೂ ಬಾಸೆಲ್ಲಿಗೆ ಕಾಲಕಾಲಕ್ಕೆ ವರದಿ ಕಳಿಸಲೇಬೇಕಿತ್ತು. ಯಾವ ಹಳ್ಳಿಗೆ ಹೋದೆ, ಸಂತೆಯಲ್ಲಿ ಯಾರ ಜೊತೆ ವಾದವಾಯಿತು, ಶಾಲೆಗೆ ಎಷ್ಟು ಮಕ್ಕಳು ಬಂದರು, ಯಾರು ಸತ್ತರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುನ್ನ ಒಂದು ಪತ್ರ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಿತ್ತು. ಬಾಸೆಲ್ಲಿನಲ್ಲಿ ಆ ಪತ್ರಗಳನ್ನು ಓದಿ, ಆರಿಸಿ, ತಿದ್ದಿ, 1828ರಿಂದ ಹೊರಡುತ್ತಿದ್ದ ‘ಹೈಡನ್‌ಬೋಟೆ’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದರು. ಹೆಸರಿನ ಅರ್ಥ ಹೆಚ್ಚುಕಡಿಮೆ ‘ಅನ್ಯಜನರ ದೂತ’. ಅನ್ಯಜನರು ಅಂದರೆ ನಾವು! ಅದನ್ನು ಹಳ್ಳಿಗಳ ಸಂಜೆ ಕೂಟದಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು. ಮನೆಯ ಜಗಲಿಯಲ್ಲಿ ಕೂತು ರಾಮಾಯಣ ಓದಿಸಿಕೊಂಡಂತೆ.

ಹೀಗೆ ಹೊಲದಲ್ಲಿ ಆಲೂಗಡ್ಡೆ ತೆಗೆಯುವ ಜರ್ಮನ್ ರೈತನಿಗೂ ಹುಬ್ಬಳ್ಳಿ ಎಂಬ ಹೆಸರು ಬಾಯಿಗೆ ಬಂತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕುದುರೆ ಮೇಲೆ, ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಓಡಾಡಿದ ಮಿಷನರಿ ಬರೆಯುತ್ತಿದ್ದ, ಅದು ಅವರ ಊರಿನ ಒಲೆಯ ಮುಂದೆ ಓದಾಗುತ್ತಿತ್ತು. ನಮ್ಮ ಬೈರಿದೇವರಕೊಪ್ಪ, ಉಣಕಲ್, ರಾಯಾಪುರ ಎಲ್ಲ ಈ ಎರಡು ಊರುಗಳ ನಡುವೆಯೇ ಇವೆ. ಆ ಕಾಲದ ಕಪ್ಪು ಮಣ್ಣಿನಲ್ಲಿ, ಮಳೆಗಾಲದಲ್ಲಿ, ಗಾಡಿ ಎಷ್ಟು ಸಲ ಹೂತಿರಬೇಕು ಎಂದು ಚಿಗರಿ ಬಸ್ಸಿನ ಏಸಿಯಲ್ಲಿ ಕೂತು ಯೋಚಿಸಿದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಪತ್ರ ಓದಿದವರ ಕೈ ಜೇಬಿಗೆ ಹೋಗಬೇಕಾದರೆ ಪತ್ರದಲ್ಲಿ ಏನಿರಬೇಕು?

2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ಉಕ್ಕಿದಾಗ ನಾನು ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಪತ್ರಿಕೆಯ ಹೆಸರು ಬೇಡ. ಮನೆಯೊಳಗೆ ನೀರು ಬಂದರೂ ದನ ಬಿಚ್ಚಿ, ನೆರೆಮನೆಯವರನ್ನೂ ಎಬ್ಬಿಸಿ, ಎಲ್ಲರನ್ನೂ ದಾಟಿಸಿದ ಹೆಣ್ಣುಮಗಳೊಬ್ಬಳ ಫೋಟೋ ಕಳಿಸಿದೆ. ನಗುತ್ತ ನಿಂತಿದ್ದಳು. ಡೆಸ್ಕಿನಿಂದ ಫೋನ್ ಬಂತು: “ಅಳ್ತಿರೋದು ಯಾವ್ದೂ ಇಲ್ವಾ? ಇದನ್ನ ನೋಡಿ ಯಾರು ನೆರವು ಕಳಿಸ್ತಾರೆ?” ನಾನು ಇನ್ನೊಂದು ಫೋಟೋ ಹುಡುಕಿ ಕಳಿಸಿದೆ. ಅಳುತ್ತಿರುವ ಮುದುಕಿಯದು. ಅದೇ ಅಚ್ಚಾಯಿತು, ಅದಕ್ಕೇ ನನಗೆ ದುಡ್ಡೂ ಬಂತು.

ಮಿಷನ್ ಪತ್ರಗಳ ಅನುವಾದಗಳನ್ನು, ಅವುಗಳ ಮೇಲೆ ಬರೆದ ಪುಸ್ತಕಗಳನ್ನು ಓದುವಾಗ ಆ ಫೋನ್ ಕರೆ ನೆನಪಾಗುತ್ತಲೇ ಇರುತ್ತದೆ. ನಮ್ಮ ದೇವರು, ಜಾತ್ರೆ, ಅಯ್ಯಗಳು, ಮಠಗಳು ಅವುಗಳಲ್ಲಿ ‘ಕತ್ತಲೆ’ಯಾಗಿ ಬರುತ್ತವೆ. ಜಾತಿಯ ಕ್ರೌರ್ಯದ ಬಗ್ಗೆ ಅವರು ಬರೆದದ್ದರಲ್ಲಿ ಬಹಳಷ್ಟು ನಿಜ, ನಾವೇ ಬರೆಯಬೇಕಿತ್ತು, ಬರೆಯಲಿಲ್ಲ. ಆದರೆ ಕತ್ತಲೆ ಹೆಚ್ಚು ಗಾಢವಾದಷ್ಟೂ ದೀಪಕ್ಕೆ ಎಣ್ಣೆ ಹೆಚ್ಚು ಬರುತ್ತದೆ ಎಂಬುದು ಬರೆಯುವವರಿಗೂ ಗೊತ್ತಿತ್ತು, ತಿದ್ದುವವರಿಗೂ ಗೊತ್ತಿತ್ತು. ಮುಂದೆ ಜರ್ಮನ್ ಮಾತಾಡುವ ಊರುಗಳ ಚರ್ಚುಗಳಲ್ಲಿ, ಭಾನುವಾರದ ಶಾಲೆಗಳಲ್ಲಿ ಒಂದು ಬಗೆಯ ಕಾಸಿನ ಡಬ್ಬಿ ಬಂತು. ಮೇಲೆ ಮಂಡಿಯೂರಿದ ಕಪ್ಪು ಹುಡುಗನ ಗೊಂಬೆ. ಕಾಸು ಹಾಕಿದರೆ ಗೊಂಬೆ ತಲೆ ಅಲ್ಲಾಡಿಸಿ ಉಪಕಾರ ಹೇಳುತ್ತದೆ. ಮಕ್ಕಳಿಗೆ ಬಹಳ ಇಷ್ಟವಂತೆ. ಈಗ ಅವು ಮ್ಯೂಸಿಯಮ್ಮಿನಲ್ಲಿವೆ. ನಮ್ಮ ಸೀಮೆಗಳಿಂದ ಹೋದ ಪತ್ರಗಳೂ ಸೇರಿ ಕೊನೆಗೆ ಆ ಮಗುವಿನ ಕಣ್ಣಲ್ಲಿ ಏನಾದವು ಎಂಬುದು ಆ ಗೊಂಬೆಯಲ್ಲಿ ಕಾಣುತ್ತದೆ. ಕೊಟ್ಟ ಕೈಯೂ ಬಡವರದ್ದೇ, ಮನಸ್ಸೂ ಒಳ್ಳೆಯದೇ, ಆದರೂ ಗೊಂಬೆ ತಲೆ ಬಾಗಿಸಲೇಬೇಕು.

ಪತ್ರದಲ್ಲಿ ಇನ್ನೊಂದು ತಾಪತ್ರಯ. ದುಡ್ಡು ಕಳಿಸಿದವರಿಗೆ ಫಲ ತೋರಿಸಬೇಕು. ನಮ್ಮ ಭಾಗದಲ್ಲಿ ಮೊದಲ ವರ್ಷಗಳಲ್ಲಿ ಮತಾಂತರವಾದವರು ಬಹಳ ಕಡಿಮೆ. ಬೆಟಗೇರಿ, ಗುಳೇದಗುಡ್ಡದ ಕೆಲವು ನೇಕಾರ ಕುಟುಂಬಗಳು, ಅಲ್ಲೊಬ್ಬರು ಇಲ್ಲೊಬ್ಬರು. ಧಾರವಾಡದಲ್ಲಿ ವರ್ಷಗಟ್ಟಲೆ ಕೂತ ಮಿಷನರಿ ಬರೆಯಬಹುದಾಗಿದ್ದ ಸತ್ಯವಾದ ವರದಿ ‘ಈ ವರ್ಷವೂ ಯಾರೂ ಬರಲಿಲ್ಲ’ ಎಂಬುದು. ಅದನ್ನು ಎಷ್ಟು ಸಲ ಬರೆಯಲಾದೀತು? ಹಾಗಾಗಿ ಶಾಲೆಗಳ ಸುದ್ದಿ, ಪುಸ್ತಕಗಳ ಸುದ್ದಿ, ಪ್ರಯಾಣದ ಸುದ್ದಿ ಪತ್ರಗಳಲ್ಲಿ ಜಾಗ ತುಂಬಿಕೊಂಡವು. ನನ್ನ ಅಂದಾಜು, ನಮ್ಮ ಕಡೆ ಶಾಲೆ ಮತ್ತು ಅಚ್ಚಿನ ಕೆಲಸಕ್ಕೆ ಅಷ್ಟು ಒತ್ತು ಬಿದ್ದದ್ದಕ್ಕೆ ಇದೂ ಒಂದು ಕಾರಣ. ಜನ ಚರ್ಚಿಗೆ ಬರಲಿಲ್ಲ, ಮಕ್ಕಳನ್ನು ಶಾಲೆಗೆ ಮಾತ್ರ ಕಳಿಸಿದರು.

1876ರಿಂದ 78ರ ದೊಡ್ಡ ಬರಗಾಲದಲ್ಲಿ ಚಿತ್ರ ಬದಲಾಯಿತು. ಧಾರವಾಡ, ಕಲಾದಗಿ ಜಿಲ್ಲೆಗಳು ಒಣಗಿ ಹೋದವು. ಜನ ಗುಳೆ ಎದ್ದರು, ದಾರಿಯಲ್ಲೇ ಬಿದ್ದರು. ತಂದೆತಾಯಿ ಸತ್ತ ಮಕ್ಕಳು ಮಿಷನ್ ಠಾಣೆಗಳ ಅನಾಥಾಶ್ರಮ ಸೇರಿದರು. ಆಗ ಯೂರೋಪಿನಿಂದ ವಿಶೇಷ ಸಹಾಯ ಹರಿದು ಬಂತು. ಒಂದು ಮಗುವಿನ ವರ್ಷದ ಖರ್ಚು ಒಬ್ಬ ದಾನಿಯೋ ಒಂದು ಸಂಘವೋ ವಹಿಸಿಕೊಳ್ಳುವ, ಆ ಮಗುವಿಗೆ ತಮ್ಮ ಇಷ್ಟದ ಹೆಸರು ಇಡಿಸುವ ರೂಢಿ ಆ ಕಾಲದ ಮಿಷನ್ನುಗಳಲ್ಲಿತ್ತು. ಗೋಧಿ ಹೊಲದ ಊರಿನ ಮಗು ಹೀಗೆ ದೂರದ ಯಾವುದೋ ಅಜ್ಜಿಯ ಹೆಸರು ಹೊತ್ತು ಬೆಳೆಯಿತು. ಹೊಟ್ಟೆಗೆ ಅನ್ನವೂ ಸಿಕ್ಕಿತು, ಹೆಸರೂ ಹೋಯಿತು. ಇದನ್ನು ಒಂದೇ ವಾಕ್ಯದಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಹೇಳಿ ಮುಗಿಸುವವರು ಹಸಿದ ಮಗುವನ್ನು ನೋಡಿರಲಿಕ್ಕಿಲ್ಲ.

ಕಳಿಸಿದವರು ಕಾಸು ಕೊಟ್ಟರು, ಸರಿ. ಹೋದವರು ಏನು ಕೊಟ್ಟರು? ಕಮಿಟಿಯ ಹಿಡಿತ ಎಷ್ಟು ಬಿಗಿ ಎಂದರೆ, ಮದುವೆಗೂ ಬಾಸೆಲ್ಲಿನ ಅಪ್ಪಣೆ ಬೇಕು. ಹುಡುಗ ಮದುವೆಯಾಗದೆ ಬರಬೇಕು, ಕೆಲವು ವರ್ಷ ಕೆಲಸ ಮಾಡಬೇಕು, ಆಮೇಲೆ ಅರ್ಜಿ ಹಾಕಬೇಕು. ಹುಡುಗಿಯನ್ನು ಕಮಿಟಿ ವಿಚಾರಿಸಿ ಒಪ್ಪಬೇಕು. ಎಷ್ಟೋ ಹುಡುಗಿಯರು ಮುಖವನ್ನೇ ನೋಡದ, ಅಥವಾ ಒಂದು ಫೋಟೋ ಮಾತ್ರ ನೋಡಿದ ಗಂಡನ್ನು ಮದುವೆಯಾಗಲು ಹಡಗು ಹತ್ತಿದರು. ನಮ್ಮ ಅಜ್ಜಿಯರೂ ಮುಖ ನೋಡದೆ ಮದುವೆಯಾದವರೇ, ಆದರೆ ತವರು ಒಂದು ದಿನದ ಗಾಡಿ ದಾರಿಯಲ್ಲಿ ಇರುತ್ತಿತ್ತು.

ಫರ್ಡಿನಾಂಡ್ ಕಿಟೆಲ್ ಹೆಸರು ಧಾರವಾಡದವರಿಗೆ ಹೇಳಬೇಕಾಗಿಲ್ಲ, ಅವರ ಹೆಸರಿನ ಕಾಲೇಜೇ ಇದೆ. 1853ರಲ್ಲಿ ಬಂದವರು, ಮೊದಲ ವರ್ಷಗಳು ನಮ್ಮ ಧಾರವಾಡ–ಹುಬ್ಬಳ್ಳಿಯಲ್ಲೇ. ಹಳ್ಳಿಗಳಲ್ಲಿ ತಿರುಗಿ ಕನ್ನಡ ಕಲಿತರು. ಸಾಹೇಬನ ಹಾಗೆ ಇರದೆ ಇಲ್ಲಿಯ ಜನರ ಹಾಗೆ ಬದುಕಬೇಕು ಎಂದು ಹೊರಟಾಗ ಮಿಷನ್ನಿನ ಹಿರಿಯರಿಗೆ ಅದು ಸೇರಲಿಲ್ಲ, ತಿಕ್ಕಾಟವಾಯಿತು. 1860ರಲ್ಲಿ ಪೌಲೀನೆ ಐತ್ ಎಂಬುವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಅವರು ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಅಕ್ಕ ಸತ್ತ ದೇಶಕ್ಕೇ ತಂಗಿ ಹೊರಟು ಬಂದಳು ಎಂಬ ಒಂದು ಸಾಲು ನಿಘಂಟಿನ ಕತೆ ಹೇಳುವಾಗ ಯಾವಾಗಲೂ ಬಿಟ್ಟು ಹೋಗುತ್ತದೆ. ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ.

ಮಕ್ಕಳ ಕತೆ ಇನ್ನೂ ಕಷ್ಟ. ಆರೇಳು ವರ್ಷ ತುಂಬಿತೆಂದರೆ ಮಿಷನರಿಗಳ ಮಕ್ಕಳನ್ನು ಯೂರೋಪಿಗೆ ಕಳಿಸಬೇಕು. ಬಾಸೆಲ್ಲಿನಲ್ಲಿ 1853ರಿಂದ ಅದಕ್ಕೆಂದೇ ಮಕ್ಕಳ ಮನೆ ಇತ್ತು. ತಾಯಿ ಹುಬ್ಬಳ್ಳಿಯಲ್ಲಿ, ಮಗ ಬಾಸೆಲ್ಲಿನಲ್ಲಿ. ಮತ್ತೆ ನೋಡುವಾಗ ಮಗನಿಗೆ ಮೀಸೆ ಬಂದಿರಬಹುದು, ನೋಡದೆಯೂ ಹೋಗಬಹುದು. ತಲಶ್ಶೇರಿಯಲ್ಲಿದ್ದ ಹೆರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಅಲ್ಲೇ ಹುಟ್ಟಿದವಳು, ಚಿಕ್ಕಂದಿನಲ್ಲೇ ಯೂರೋಪಿನಲ್ಲಿ ಬಿಡಲ್ಪಟ್ಟವಳು. ದೊಡ್ಡವಳಾದ ಮೇಲೆ ಮತ್ತೆ ತಂದೆತಾಯಿಯನ್ನು ಕೂಡಿಕೊಂಡಳು. ಅವಳ ಮಗನೇ ಮುಂದೆ 1946ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಹೆರ್ಮನ್ ಹೆಸ್ಸೆ.

ಪತ್ರಕರ್ತರಾದ ನಾವು ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವೆ, ಹಾರ ಹಾಕುತ್ತೇವೆ, ಉಪ್ಪಿಟ್ಟು–ಶಿರಾ ತಿನ್ನುತ್ತೇವೆ. ಯಾಕೆಂದರೆ 1843ರ ಅದೇ ದಿನ ಹೆರ್ಮನ್ ಮ್ಯೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದರು. ಮಿಷನ್ನಿನ ಕಲ್ಲಚ್ಚಿನಲ್ಲಿ. ಆ ಕಲ್ಲು, ಕಾಗದ, ಮಸಿ, ಮ್ಯೋಗ್ಲಿಂಗರ ಊಟ ಎಲ್ಲದರ ಹಿಂದೆ ಯೂರೋಪಿನ ಊರುಗಳ ಕಾಣಿಕೆ ಇತ್ತು. ಕೊಟ್ಟವರು ಸುವಾರ್ತೆಗೆಂದು ಕೊಟ್ಟರು. ನಮಗೆ ಅದರಲ್ಲಿ ಪತ್ರಿಕೆಯೂ ನಿಘಂಟೂ ಸಿಕ್ಕವು. ಮ್ಯೋಗ್ಲಿಂಗರು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದಾಗ ಮಾತ್ರ ಖರ್ಚು ಕೊಟ್ಟವರು ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. ಬಸವ ಪುರಾಣ ಅಚ್ಚು ಹಾಕಿ ಎಂದು ಯಾವ ಹೊಲಿಗೆ ಸಂಘವೂ ಕಾಲುಚೀಲ ಹೆಣೆಯುತ್ತಿರಲಿಲ್ಲ, ಅದು ನ್ಯಾಯವೇ.

ಇಲ್ಲಿಂದ ಅಲ್ಲಿಗೆ ಹೋದವರು ಇರಲಿಲ್ಲವೇ? ಇದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ 1844ರಲ್ಲಿ ದೀಕ್ಷಾಸ್ನಾನ ಪಡೆದ, ಊರೆಲ್ಲ ಗದ್ದಲವಾಯಿತು. ಎರಡು ವರ್ಷದ ನಂತರ ಮ್ಯೋಗ್ಲಿಂಗರ ಜೊತೆ ಬಾಸೆಲ್ಲಿಗೆ ಹೋಗಿ, ಅದೇ ಮಿಷನ್ ಶಾಲೆಯಲ್ಲಿ ಓದಿ, 1851ರಲ್ಲಿ ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನ ಮಿಷನರಿಯಾಗಿ ವಾಪಸು ಬಂದ. ಜರ್ಮನ್ ಹೆಣ್ಣನ್ನು ಮದುವೆಯಾದ. ಕನ್ನಡ ನಾಡಿನವನೊಬ್ಬ ಅದೇ ಅರ್ಧ ಬಾಟ್ಸೆನ್ ಸೀಮೆಯ ಕಾಣಿಕೆಯಿಂದ ಮಿಷನರಿಯಾದ ಮೊದಲ ದೊಡ್ಡ ಉದಾಹರಣೆ ಅದು. ಆದರೆ ಅಂಥವರು ಬೆರಳೆಣಿಕೆ. ಊರಿನ ಉಪದೇಶಕರು, ಶಾಲಾ ಮಾಸ್ತರರು ಬಹುಮಂದಿ ಇದ್ದರು. ಕಮಿಟಿಯಲ್ಲಿ, ಲೆಕ್ಕದ ಪುಸ್ತಕದ ಮುಂದೆ, ಅವರಿಗೆ ಕುರ್ಚಿ ಇರಲಿಲ್ಲ.

ಕಾಸು ಸಾಲದು ಎಂದಾಗ ಮಿಷನ್ ಇನ್ನೊಂದು ದಾರಿ ಹಿಡಿಯಿತು. ಜಾತಿಯಿಂದ ಹೊರಬಿದ್ದವರಿಗೆ ಉದ್ಯೋಗ ಬೇಕು, ಮಿಷನ್ನಿಗೆ ಆದಾಯ ಬೇಕು. ನೇಯ್ಗೆ, ಮುದ್ರಣ, ಆಮೇಲೆ 1865ರಿಂದ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. 1859ರಲ್ಲಿ ವ್ಯಾಪಾರದ ಕಂಪನಿಯೇ ಆಯಿತು. ಪಾಲುದಾರರಿಗೆ ಮಿತವಾದ ಬಡ್ಡಿ, ಉಳಿದ ಲಾಭ ಮಿಷನ್ ಕೆಲಸಕ್ಕೆ. ಮಂಗಳೂರು ಹಂಚು ಹೊದಿಸಿದ ಹಳೇ ಮನೆ ನಿಮ್ಮೂರಲ್ಲಿದ್ದರೆ, ಒಂದು ಹಂಚು ತಿರುಗಿಸಿ ನೋಡಿ. ಬಾಸೆಲ್ ಮಿಷನ್ನಿನ ಹೆಸರು ಒತ್ತಿದ್ದು ಸಿಕ್ಕರೂ ಸಿಕ್ಕೀತು. ಅಂದರೆ ನಮ್ಮ ಅಜ್ಜಂದಿರು ಹಂಚು ಕೊಂಡಾಗ ಅವರೂ ಗೊತ್ತಿಲ್ಲದೆ ಮಿಷನ್ನಿಗೆ ಪಟ್ಟಿ ಕೊಟ್ಟಂತೆಯೇ.

1914ರಲ್ಲಿ ಈ ಸರಪಳಿ ಒಮ್ಮೆಗೇ ಕಡಿಯಿತು. ಮೊದಲ ಮಹಾಯುದ್ಧ. ಬಾಸೆಲ್ ಸ್ವಿಟ್ಜರ್‌ಲೆಂಡಿನಲ್ಲಿದೆ, ಆ ದೇಶ ಯಾರ ಪರವೂ ಇರಲಿಲ್ಲ. ಆದರೆ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನರು, ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಶತ್ರುಗಳು. ಅಹಮದ್‌ನಗರದ ಶಿಬಿರದಲ್ಲಿ ಅವರನ್ನು ಕೂಡಿಹಾಕಿದರು. ಆಮೇಲೆ ಗೋಲ್ಕೊಂಡಾ ಎಂಬ ಹಡಗಿನಲ್ಲಿ ಹೆಂಡತಿ ಮಕ್ಕಳ ಸಮೇತ ವಾಪಸು ಕಳಿಸಿದರು. ಕಾರ್ಖಾನೆಗಳನ್ನು ಸರಕಾರ ಕಿತ್ತುಕೊಂಡಿತು, 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈ ಸೇರಿದವು.

ಇತ್ತ ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ, ಗುಳೇದಗುಡ್ಡದ ಸಭೆಗಳು ಏನು ಮಾಡಬೇಕು? 75 ವರ್ಷ ಎಲ್ಲವೂ ಬಾಸೆಲ್ಲಿನಿಂದ ಬಂದದ್ದು. ಮಾಸ್ತರರ ಪಗಾರ, ಅನಾಥ ಮಕ್ಕಳ ಊಟ, ಪಾದ್ರಿಯ ನೇಮಕ, ಕೊನೆಗೆ ಜಗಳ ಬಿಡಿಸುವ ತೀರ್ಪು ಕೂಡ. ಮಗನನ್ನು ಹೆಗಲ ಮೇಲೇ ಹೊತ್ತು ತಿರುಗಿದ ತಂದೆ ಇದ್ದಕ್ಕಿದ್ದಂತೆ ಕಾಣೆಯಾದ ಹಾಗೆ. ಲೊಸಾನ್ ಎಂಬ ಇನ್ನೊಂದು ಸ್ವಿಸ್ ಊರಿನವರು ‘ಕ್ಯಾನರೀಸ್ ಇವಾಂಜೆಲಿಕಲ್ ಮಿಷನ್’ ಎಂಬ ಹೆಸರಿನಲ್ಲಿ ನಮ್ಮ ಭಾಗದ ಜವಾಬ್ದಾರಿ ಹೊತ್ತರು. ಅದರಿಂದ ಪೂರ್ತಿ ಮುಳುಗಲಿಲ್ಲ. ಆದರೆ ಸಭೆ ನಡೆಸುವ ಭಾರ ಇಲ್ಲಿಯ ಪಾದ್ರಿಗಳು, ಮಾಸ್ತರರು, ಹಿರಿಯರ ಮೇಲೆ ಬಿತ್ತು. ಭಾರದ ಜೊತೆ ಕುರ್ಚಿಯೂ ಬಂತು. ಬಾಸೆಲ್ಲಿನವರು ಯುದ್ಧ ಮುಗಿದು ಕೆಲವು ವರ್ಷದ ನಂತರ ಮರಳಿದಾಗ ಹಳೇ ಯಜಮಾನಿಕೆ ಹಾಗೇ ನಡೆಯುವಂತಿರಲಿಲ್ಲ.

ಆ ಹೊತ್ತಿಗೆ ದೇಶದ ಬೇರೆ ಕಡೆ ಕ್ರೈಸ್ತರು ತಮ್ಮದೇ ಮಿಷನ್ ಕಟ್ಟುತ್ತಿದ್ದರು. 1905ರ ಕ್ರಿಸ್ಮಸ್ ದಿನ ಬಂಗಾಳದ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿತು. ಜನ ನಮ್ಮವರು, ದುಡ್ಡು ನಮ್ಮದು, ಆಡಳಿತ ನಮ್ಮದು ಎಂಬುದು ಅದರ ಹಟ. ಸ್ವದೇಶಿ ಚಳವಳಿಯ ವರ್ಷವೇ ಅದು, ಗಾಳಿ ಚರ್ಚಿನೊಳಗೂ ಬೀಸಿತ್ತು. ಮಿಜೋರಾಮಿನ ಕತೆ ನನಗೆ ಇನ್ನೂ ಇಷ್ಟ. 1910ರ ಸುಮಾರಿಗೆ ಅಲ್ಲಿಯ ಹೆಂಗಸರು ಪ್ರತಿ ಸಲ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಇಡಲು ಶುರು ಮಾಡಿದರು. ಆ ಹಿಡಿ ಅಕ್ಕಿಯನ್ನು ಕೂಡಿಸಿ, ಮಾರಿ, ಸಭೆಗೆ ಕೊಡುವುದು. ಇವತ್ತಿಗೂ ನಡೆಯುತ್ತಿದೆ. ಮಿಜೋ ಸಭೆಗಳು ತಮ್ಮ ರಾಜ್ಯದ ಹೊರಗೂ ದೇಶದ ಹೊರಗೂ ಮಿಷನರಿಗಳನ್ನು ಕಳಿಸುವುದರ ಹಿಂದೆ ಈ ಅಕ್ಕಿಯೂ ಇದೆ. ಬಾಸೆಲ್ಲಿನ ಹೆಂಗಸಿನ ಅರ್ಧ ಬಾಟ್ಸೆನ್, ಮಿಜೋ ತಾಯಿಯ ಹಿಡಿ ಅಕ್ಕಿ, ನಮ್ಮ ಜೋಳಿಗೆಯ ಹಿಡಿ ಜೋಳ ಮೂರನ್ನೂ ಒಂದೇ ಸಂತೆಯಲ್ಲಿ ಇಟ್ಟರೆ ಯಾವುದು ಯಾವ ದೇವರದು ಎಂದು ಗುರುತು ಹಿಡಿಯುವುದು ಕಷ್ಟ.

ನಮ್ಮ ಭಾಗದ ಸಭೆಗಳು 1968ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಸೇರಿದವು. 1970ರಿಂದ ಧಾರವಾಡವೇ ಕರ್ನಾಟಕ ಉತ್ತರ ಡಯಾಸಿಸ್ಸಿನ ಕೇಂದ್ರ. ಬಾಸೆಲ್ ಮಿಷನ್ 2001ರಲ್ಲಿ ಬೇರೆ ಸಂಘಗಳ ಜೊತೆ ಸೇರಿ ‘ಮಿಷನ್ 21’ ಎಂದಾಯಿತು. ಈಗ ಆ ಕಡೆಯ ಚರ್ಚುಗಳಲ್ಲಿ ಭಾನುವಾರ ಬೆಂಚುಗಳು ಖಾಲಿ. ಭಾರತದ ಪಾದ್ರಿಗಳು ಕೆಲವು ವರ್ಷದ ಸೇವೆಗೆ ಜರ್ಮನಿಗೆ ಹೋಗುತ್ತಾರೆ. 1921ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಥನಿ ಸಂಸ್ಥೆಯ ಕ್ಯಾಥೊಲಿಕ್ ಸಿಸ್ಟರುಗಳೂ ಹೊರದೇಶಗಳಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಂದ ಇವರು ಊರಿಗೆ ಯಾವ ಥರದ ಪತ್ರ ಬರೆಯುತ್ತಾರೋ ಓದಬೇಕೆಂಬ ಆಸೆ ನನಗೆ. ‘ಇಲ್ಲಿ ಬಹಳ ಕತ್ತಲೆ’ ಎಂದು ಯಾರಾದರೂ ಬರೆದಿರಬಹುದೇ?

ಬಾಸೆಲ್ಲಿನಲ್ಲಿ ಹಳೇ ಪತ್ರ, ನಕ್ಷೆ, ಫೋಟೋಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಸಾವಿರಾರು ಫೋಟೋಗಳನ್ನು ಮೊಬೈಲಿನಲ್ಲೇ ನೋಡಬಹುದು. ಪತ್ರಗಳು ಹಳೇ ಜರ್ಮನ್ ಕೈಬರಹದಲ್ಲಿವೆ, ನಮ್ಮ ಮೋಡಿ ಲಿಪಿಯಂತೆ ಅಲ್ಲಿಯ ಜನರಿಗೇ ಓದಲು ಬಾರದು. ಫೋಟೋಗಳಿಗೆ ಭಾಷೆ ಬೇಕಿಲ್ಲ. ಮಿಷನ್ ಶಾಲೆಯ ಮಕ್ಕಳು, ನೇಕಾರರು, ಬಾವಿ ಕಟ್ಟೆ. ಕೆಳಗೆ ಠಾಣೆಯ ಹೆಸರು ಇರುತ್ತದೆ, ನಿಂತವರ ಹೆಸರು ಎಷ್ಟೋ ಕಡೆ ಇರುವುದಿಲ್ಲ.

ಹೋದ ವಾರ ಅಜ್ಜಾರು ಅದೇ ನಿಲ್ದಾಣದಲ್ಲಿ ಮತ್ತೆ ಸಿಕ್ಕರು. ಫೋನಿನಲ್ಲಿ ಒಂದೆರಡು ಫೋಟೋ ತೋರಿಸಿ, ಅರ್ಧ ಬಾಟ್ಸೆನ್ ಕತೆ ಹೇಳಿದೆ. ಬಟ್ಟೆ ಒಗೆಯುವವರೂ ವಾರಕ್ಕೊಮ್ಮೆ ಕಾಸು ಹಾಕುತ್ತಿದ್ದರಂತ್ರಿ ಎಂದೆ.

“ಹಂಗಾರ ಅವರೂ ನಮ್ಮಂಗ ಪಟ್ಟಿ ಎತ್ತಿದವರ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋಟೋ ದೊಡ್ಡದು ಮಾಡಲು ಹೇಳಿದರು. ಶಾಲೆಯ ಹುಡುಗರ ಸಾಲಿನ ತುದಿಯಲ್ಲಿ ರುಮಾಲು ಸುತ್ತಿದ ಮಾಸ್ತರರೊಬ್ಬರು ನಿಂತಿದ್ದರು.

“ಇಂವಾ ಯಾರು?”

ಹೆಸರು ಬರೆದಿಲ್ರಿ ಎಂದೆ.

“ಬರದವ್ರು ಕೇಳಬೇಕಿತ್ತಪಾ” ಎಂದರು ಅಜ್ಜಾರು. ಅಷ್ಟರಲ್ಲಿ ಅವರ ಬಸ್ ಬಂತು.